ಥಾಯ್ಲೆಂಡ್ ಕೆಲಸ ಅಂತ ಹೇಳಿ ಮ್ಯಾನ್ಮಾರ್‌ಗೆ ಸಾಗಿಸುವುದನ್ನು ಪತ್ತೆ ಹಚ್ಚುವುದು ಹೇಗೆ?

ದಾವಣಗೆರೆ, ಚಿತ್ರದುರ್ಗದ ಹುಡುಗರಿಗೆ ಟೆಲಿಗ್ರಾಂನಲ್ಲಿ 'ಬ್ಯಾಂಕಾಕ್‌ನಲ್ಲಿ ಡೇಟಾ ಎಂಟ್ರಿ' ಅಂತ ಕೆಲಸದ ಆಫರ್ ಬಂದರೆ ಮೊದಲು ವೀಸಾ ನೋಡಿ. ಟೂರಿಸ್ಟ್ ವೀಸಾದಲ್ಲಿ ಅಲ್ಲಿ ದುಡಿಯುವಂತಿಲ್ಲ. ಕೆಲಸಕ್ಕೆಂದು ಕೊಡುವ ನಾನ್-ಇಮಿಗ್ರಂಟ್ ಬಿ ವೀಸಾ ಮತ್ತು ವರ್ಕ್ ಪರ್ಮಿಟ್ ಎರಡೂ ಬೇಕು. 'ಹೋದ ಮೇಲೆ ಮಾಡಿಸ್ತೀವಿ' ಅಂದರೆ ಅಲ್ಲಿಗೇ ಕೈಬಿಡಿ.

ಏಜೆಂಟ್‌ನ ನೋಂದಣಿ ಸಂಖ್ಯೆ ಕೇಳಿ, ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ನೀವೇ ಹುಡುಕಿ. ಅವನು ಕಳಿಸಿದ ಫೋಟೋ ನಂಬಬೇಡಿ. ಸೇವಾ ಶುಲ್ಕದ ಮಿತಿ ₹30,000 ಮತ್ತು ಜಿಎಸ್‌ಟಿ, ರಸೀದಿ ಸಮೇತ.

ಬ್ಯಾಂಕಾಕ್‌ನಲ್ಲಿ ಇಳಿದ ಮೇಲೆ ಮ್ಯಾಪ್ ತೆರೆದಿಡಿ. ಕಾರು ಊರು ಬಿಟ್ಟು ವಾಯವ್ಯಕ್ಕೆ, ತಾಕ್ ಪ್ರಾಂತ್ಯದ ಕಡೆಗೆ ಗಂಟೆಗಟ್ಟಲೆ ಓಡುತ್ತಿದ್ದರೆ ಅದು ಗಡಿ ಪಟ್ಟಣ ಮೇ ಸೋಟ್‌ನ ದಾರಿ. ಮುಂದೆ ಮೊಯಿ ನದಿ, ಆಚೆ ದಡ ಮ್ಯಾನ್ಮಾರ್‌ನ ಮ್ಯಾವಾಡಿ, ಜನರನ್ನು ಕೂಡಿಹಾಕಿ ಆನ್‌ಲೈನ್ ವಂಚನೆ ಮಾಡಿಸುವ ಅಡ್ಡೆಗಳಿರುವ ಜಾಗ. ಪೆಟ್ರೋಲ್ ಬಂಕ್‌ನಲ್ಲಿ ನಿಲ್ಲಿಸಿದಾಗಲೇ, ಜನರ ನಡುವೆ ಇಳಿದುಬಿಡಿ. ನದಿ ದಾಟಿದಿರೋ, ಅಕ್ರಮ ಪ್ರವೇಶದ ಆರೋಪ ನಿಮ್ಮ ತಲೆಗೇ.

2021ರ ಫೆಬ್ರವರಿ 1ರಂದು ಮ್ಯಾನ್ಮಾರ್‌ನಲ್ಲಿ ಸೇನೆ ಅಧಿಕಾರ ಹಿಡಿಯಿತು. ಆದರೆ ಗಡಿಯಲ್ಲಿ ಅದರ ಮಾತಿಗಿಂತ ಸಶಸ್ತ್ರ ಗುಂಪುಗಳ ಮಾತೇ ಹೆಚ್ಚು ನಡೆಯುವ ಜಾಗಗಳಿವೆ. ಅಡ್ಡೆಗಳಲ್ಲಿ ಸಿಕ್ಕಿಬಿದ್ದವರ ಬಿಡುಗಡೆ ತಡವಾಗುವುದು ಅದಕ್ಕೇ.

ಮನೆಯವರ ಹತ್ತಿರ ಪಾಸ್‌ಪೋರ್ಟ್‌ನ ಮೊದಲ, ಕೊನೆಯ ಪುಟದ ಜೆರಾಕ್ಸ್ ಇರಲಿ. ಸಿಕ್ಕಿಬಿದ್ದರೆ ಲೊಕೇಶನ್ ಸಮೇತ ಯಾಂಗೊನ್‌ನ ಭಾರತೀಯ ರಾಯಭಾರ ಕಚೇರಿಗೆ ಬರೆಯಿರಿ, ವಿದೇಶಾಂಗ ಸಚಿವಾಲಯದ ದೂರು ತಾಣವಾದ 'ಮದದ್' ಪೋರ್ಟಲ್‌ನಲ್ಲೂ ದೂರು ಹಾಕಿ. ಬ್ಯಾಂಕಾಕ್ ಕಚೇರಿಗೆ ಮಾತ್ರ ಬರೆದು ಕೂರುವುದು ಹಲವರು ಮಾಡುವ ತಪ್ಪು.