ಫೋಟೋ ಮರೆತುಹೋಯಿತು, ರಬ್ಬರ್ ಸ್ಟ್ಯಾಂಪು ಉಳಿಯಿತು: ಅಪ್ಪನ ಜೊತೆ ಜಪಾನ್

ಮೊನ್ನೆ ಅಕ್ಕ ಬಂದಿದ್ದಾಗ ಅಪ್ಪ ಇಪ್ಪತ್ತು ನಿಮಿಷ ಬರೀ ಕ್ಯೋಟೋ ಸ್ಟೇಷನ್ನಿನ ಬಗ್ಗೆ ಮಾತಾಡಿದರು. ಪ್ರಯಾಣಿಕರು ಸ್ಟೇಷನ್ನಿನ ರಬ್ಬರ್ ಸ್ಟ್ಯಾಂಪು ಒತ್ತಿಕೊಳ್ಳುವ ಮೇಜು ಎಲ್ಲಿತ್ತು, ಇಂಕ್ ಎಷ್ಟು ಒಣಗಿತ್ತು, ಹಿಂದೆ ನಿಂತಿದ್ದ ಸ್ಕೂಲ್ ಹುಡುಗ ಹೇಗೆ ತಲೆ ಬಗ್ಗಿಸಿ ಜಾಗ ಬಿಟ್ಟ, ಎಲ್ಲ ಬಂತು. ನಾನೂ ಅಪ್ಪನೂ ಜಪಾನಿಗೆ ಹೋಗಿಬಂದು ಒಂದು ವರ್ಷದ ಮೇಲಾಯಿತು. "ದುಡ್ಡು ದಂಡ ಕಣೋ, ಆರು ತಿಂಗಳಿಗೆಲ್ಲ ಮರೆತುಬಿಡ್ತಾರೆ" ಅಂದಿದ್ದವಳು ಇದೇ ಅಕ್ಕ. ಅವತ್ತು ಸುಮ್ನೆ ಕೂತು ಕೇಳಿದಳು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವಳು ಹಾಗಂದಿದ್ದಕ್ಕೆ ಕಾರಣ ಇತ್ತು ಅನ್ನಿ. ಅದಕ್ಕೂ ಎರಡು ವರ್ಷ ಮೊದಲು ಅಪ್ಪನನ್ನು ಸಿಂಗಪುರಕ್ಕೆ ಕರೆದುಕೊಂಡು ಹೋಗಿದ್ದೆ. ಸಾವಿರದ ಎಂಟುನೂರೋ ಒಂಬೈನೂರೋ ಫೋಟೋ ತೆಗೆದಿದ್ದೆ. ಬಂದಮೇಲೆ ಟಿವಿಗೆ ಹಾಕಿ ತೋರಿಸಿದರೆ, ಬೇರೆ ಯಾರದೋ ಮದುವೆ ಆಲ್ಬಮ್ ನೋಡಿದ ಹಾಗೆ "ಚೆನ್ನಾಗಿದೆ, ಚೆನ್ನಾಗಿದೆ" ಅನ್ನುತ್ತಿದ್ದರು. ಆರೇ ತಿಂಗಳಿಗೆ "ಇದು ಯಾವೂರು?" ಅಂತ ಕೇಳಿದರು. "ನೆನಪಿದೆಯಾ ಅಪ್ಪ?" ಅಂತ ನಾನು ಕೇಳಿದಷ್ಟೂ ಅವರ ಮುಖ ಸಣ್ಣದಾಗುತ್ತಿತ್ತು, ಪರೀಕ್ಷೆಗೆ ಕೂರಿಸಿದ ಹಾಗೆ. ಡೈರಿಯನ್ನೂ ಕೊಟ್ಟು ನೋಡಿದ್ದೆ. "ನಡೆದದ್ದು ಜಾಸ್ತಿ. ಕಾಲು ನೋವು." ಎಂಟು ದಿನದಲ್ಲಿ ಆರು ದಿನ ಇದೇ ಸಾಲು.

ಜಪಾನಿಗೆ ಹೋಗಿದ್ದು 2024ರ ನವೆಂಬರಿನಲ್ಲಿ. ಅಪ್ಪನಿಗೆ 77, ಎರಡೂ ಮಂಡಿ ಹೋಗಿವೆ. ಟೋಕಿಯೋ, ಕ್ಯೋಟೋ, ಹಿರೋಷಿಮಾ, ಮತ್ತೆ ಟೋಕಿಯೋ, ಒಟ್ಟು ಹನ್ನೊಂದು ದಿನ. ವೀಸಾ, ಇನ್ಶೂರೆನ್ಸ್, ಮಾತ್ರೆ ಚೀಟಿ, ಏರ್‌ಪೋರ್ಟಿನ ವೀಲ್‌ಚೇರು, ಇದೆಲ್ಲ ವಯಸ್ಸಾದವರನ್ನು ಕರೆದುಕೊಂಡು ತಿರುಗುವವರಿಗೆ ಗೊತ್ತೇ ಇರುತ್ತೆ, ಬಿಡುತ್ತೇನೆ. ದುಡ್ಡಿನ ವಿಷಯ ಮಾತ್ರ ಹೇಳಲೇಬೇಕು. ಜೆಆರ್ ಪಾಸ್ ತಗೋ, ಅಂದರೆ ಇಷ್ಟು ದಿನ ಅಂತ ರೈಲಿನಲ್ಲಿ ಓಡಾಡುವ ಟೂರಿಸ್ಟ್ ಪಾಸು, ಅಂತ ಎಲ್ಲರೂ ಹೇಳಿದ್ದರು. 2023ರ ಅಕ್ಟೋಬರಿನಲ್ಲಿ ಏಳು ದಿನದ ಪಾಸಿನ ಬೆಲೆ 29,650 ಯೆನ್‌ನಿಂದ 50,000ಕ್ಕೆ ಹಾರಿದ್ದು ಅವರಿಗೆ ಗೊತ್ತಿರಲಿಲ್ಲ. ಇಬ್ಬರಿಗೆ ಒಂದು ಲಕ್ಷ ಯೆನ್! ಬಿಡಿ ಟಿಕೆಟ್ ತಗೊಂಡೆ. ಟೋಕಿಯೋ–ಕ್ಯೋಟೋ ತಲೆಗೆ ಹದಿನಾಲ್ಕು ಸಾವಿರ ಚಿಲ್ಲರೆ, ಕ್ಯೋಟೋ–ಹಿರೋಷಿಮಾ ಹನ್ನೊಂದೋ ಏನೋ, ವಾಪಸ್ ಟೋಕಿಯೋಗೆ ಹತ್ತೊಂಬತ್ತು. ಇಬ್ಬರಿಗೂ ಸೇರಿ ಎಂಬತ್ತೆಂಟು ಸಾವಿರದ ಆಸುಪಾಸು. ಪಾಸಿದ್ದರೂ ಅತಿ ವೇಗದ ನೊಜೊಮಿ ರೈಲಿಗೆ ಮೇಲೆ ದುಡ್ಡು ಕೊಡಬೇಕು, ನಾವು ಆರಾಮಾಗಿ ಅದರಲ್ಲೇ ಹೋದೆವು. ಉಳಿದ ದುಡ್ಡಲ್ಲಿ ಸೂಟ್‌ಕೇಸನ್ನು ಕೊರಿಯರ್‌ನಲ್ಲಿ ಮುಂದಿನ ಹೋಟೆಲಿಗೆ ಕಳಿಸಿದೆ, ಒಂದಕ್ಕೆ ಎರಡೂವರೆ ಸಾವಿರದ ಹತ್ತಿರ. ಅದರಲ್ಲಿ ಜಿಪುಣತನ ಮಾಡಬೇಡಿ.

ಈಗ ಸ್ಟ್ಯಾಂಪಿನ ಕಥೆ. ಎರಡನೇ ದಿನ ಉಯೆನೋ ಸ್ಟೇಷನ್ನಿನಲ್ಲಿ ನಾನು ಟಿಕೆಟ್ ಮಷೀನಿನ ಜೊತೆ ಗುದ್ದಾಡುತ್ತಿದ್ದಾಗ ಅಪ್ಪ ಕಾಣಲಿಲ್ಲ. ಎದೆ ಧಸಕ್ಕಂತು. ನೋಡಿದರೆ ಗೇಟಿನ ಹತ್ತಿರ ಒಂದು ಪುಟ್ಟ ಮೇಜಿನ ಮುಂದೆ ಬಗ್ಗಿ ನಿಂತು, ಹೋಟೆಲಿನ ಮ್ಯಾಪಿನ ಹಿಂಬದಿಗೆ ರಬ್ಬರ್ ಸ್ಟ್ಯಾಂಪು ಒತ್ತುತ್ತಿದ್ದಾರೆ. ಅಲ್ಲಿನ ಎಷ್ಟೋ ಸ್ಟೇಷನ್ನುಗಳಲ್ಲಿ ಹೀಗೆ ಆ ಊರಿನದೇ ಚಿತ್ರದ ಸ್ಟ್ಯಾಂಪು ಇಟ್ಟಿರುತ್ತಾರೆ, ಯಾರು ಬೇಕಾದರೂ ಒತ್ತಿಕೊಳ್ಳಬಹುದು, ಪುಕ್ಕಟೆ. 1931ರಲ್ಲಿ ಫುಕುಯಿ ಸ್ಟೇಷನ್ನಿನಲ್ಲಿ ಶುರುವಾದದ್ದಂತೆ ಅಂತ ಓದಿ ಹೇಳಿದರೆ, "ಹಾಗಾದ್ರೆ ನನಗಿಂತ ಸೀನಿಯರ್ರು" ಅಂದರು. ಮೂವತ್ನಾಲ್ಕು ವರ್ಷ ರೈಲ್ವೆ ಬುಕಿಂಗ್ ಆಫೀಸಿನಲ್ಲಿ ಟಿಕೆಟಿಗೆ ತಾರೀಖು ಒತ್ತಿದ ಕೈ ಅದು. ಸ್ಟ್ಯಾಂಪನ್ನು ಮೊದಲು ಊದಿದರು, ಅಂಚು ಒರೆಸಿದರು, ಎಡಗಡೆ ತುದಿ ಮೊದಲು ಊರಿ ನಿಧಾನಕ್ಕೆ ಬಲಗಡೆ ಹೊರಳಿಸಿದರು. ಬೆಳಗ್ಗೆ ಅಷ್ಟು ದೊಡ್ಡ ದೇವಸ್ಥಾನ ತೋರಿಸಿದಾಗ ಇಲ್ಲದ ಕಳೆ ಮುಖದಲ್ಲಿತ್ತು. ಈ ಪ್ರವಾಸ ಅವರ ನೆನಪಲ್ಲಿ ಉಳಿಯೋಕೆ ಇದೇ ಸರಿ ಅನ್ನಿಸಿತು.

ಮೊದಲು ಎಲ್ಲ ಕೆಟ್ಟಿತು. ನುಣುಪು ಹಾಳೆಯ ನೋಟ್‌ಬುಕ್ ತಂದೆ, ಇಂಕ್ ಒಣಗದೆ ಉಯೆನೋ ಸ್ಟ್ಯಾಂಪು ಹೋಗಿ ಅಕಿಹಬಾರಾ ಸ್ಟೇಷನ್ನಿನ ಸ್ಟ್ಯಾಂಪಿಗೆ ಅಂಟಿಕೊಂಡಿತು. ಕ್ಯೋಟೋದಲ್ಲಿ ದೇವಸ್ಥಾನಗಳ ಕೆಂಪು ಮುದ್ರೆ ಹಾಕಿಸಿಕೊಳ್ಳುವ ಪುಸ್ತಕ ತಗೊಂಡೆ, ಗೊಶುಯಿನ್ ಅಂತಾರಲ್ಲ, ಅದರದ್ದು. ಹಾಳೆ ಬಹಳ ಚೆನ್ನಾಗಿತ್ತು, ಸಾವಿರದೈನೂರು ಯೆನ್. ಅಪ್ಪ ಅದರಲ್ಲಿ ಸ್ಟೇಷನ್ ಸ್ಟ್ಯಾಂಪು ಒತ್ತಿದರು. ಮುಂದಿನ ದೇವಸ್ಥಾನದಲ್ಲಿ ಕೂತಿದ್ದವರು ಪುಟ ತಿರುಗಿಸಿ ನೋಡಿ, ಮೆಲ್ಲಗೆ ತಲೆಯಾಡಿಸಿ, ಬೇರೆ ಬಿಡಿ ಹಾಳೆಯಲ್ಲಿ ಬರೆದುಕೊಟ್ಟರು. ತಪ್ಪು ನಮ್ಮದೇ, ಅದು ದೇವರ ಪುಸ್ತಕ, ಅದರಲ್ಲಿ ರೈಲು ಬರಬಾರದು. ಕೊನೆಗೆ ಏಳುನೂರು ಯೆನ್ನಿನ ದಪ್ಪ ಒರಟು ಹಾಳೆಯ ಬುಕ್ಕು, ನೂರು ಯೆನ್ ಅಂಗಡಿಯಿಂದ ತೆರಿಗೆ ಸೇರಿ 110ಕ್ಕೆ ಒಂದು ಇಂಕ್ ಪ್ಯಾಡು. ಕೆಲವು ಕಡೆ ಪ್ಯಾಡು ಬಣಬಣ ಒಣಗಿರುತ್ತೆ, ನಿಮ್ಮದೊಂದು ಜೇಬಲ್ಲಿರಲಿ.

ರಾತ್ರಿ ಹೋಟೆಲಿನಲ್ಲಿ ಫೋನಿನಲ್ಲಿ ಅಪ್ಪನ ಮಾತು ರೆಕಾರ್ಡ್ ಮಾಡುತ್ತಿದ್ದೆ. ಮೊದಲ ರಾತ್ರಿ "ಇವತ್ತು ಹೇಗಿತ್ತು?" ಅಂದೆ. "ಚೆನ್ನಾಗಿತ್ತು." ಹನ್ನೊಂದು ಸೆಕೆಂಡು, ಮುಗೀತು. ಆಮೇಲೆ ಪ್ರಶ್ನೆ ಕೇಳುವುದನ್ನೇ ಬಿಟ್ಟೆ. ಅವತ್ತಿನ ಸ್ಟ್ಯಾಂಪಿನ ಪುಟ ತೆಗೆದಿಟ್ಟು, ಬೇಕಂತಲೇ ಒಂದು ತಪ್ಪು ಹೇಳುತ್ತಿದ್ದೆ. "ಮೇಜು ಗೇಟಿನ ಎಡಗಡೆ ಇತ್ತಲ್ವಾ?" "ಎಡಗಡೆ ಎಲ್ಲಿತ್ತೋ! ಬಲಗಡೆ, ಲಿಫ್ಟಿನ ಪಕ್ಕ. ಆ ಟೋಪಿ ಮಾಸ್ಟರು ಬಂದು..." ಅಂತ ಎಂಟು ನಿಮಿಷ ಹೋಗುತ್ತಿತ್ತು. ಲೆಕ್ಕದಲ್ಲಿ ತಪ್ಪು ಹಿಡಿದೇ ಬದುಕಿದವರು, ನನ್ನದನ್ನು ಬಿಡುತ್ತಾರಾ? ಆದರೆ ರಾತ್ರಿಗೆ ಒಂದೇ ತಪ್ಪು. ಕ್ಯೋಟೋದಲ್ಲಿ ನಾಲ್ಕು ಹೇಳಿದ್ದಕ್ಕೆ "ನೀನೇ ಒಂದ್ಸಲ ಡಾಕ್ಟರಿಗೆ ತೋರಿಸ್ಕೋ" ಅಂದರು.

ಕ್ಯೋಟೋ ರೈಲ್ವೆ ಮ್ಯೂಸಿಯಮ್ಮಿನಲ್ಲೇ ಒಂದು ಇಡೀ ದಿನ ಹೋಯಿತು. 1914ರಲ್ಲಿ ಕಟ್ಟಿದ, ಎಂಜಿನ್ನುಗಳನ್ನು ನಿಲ್ಲಿಸುವ ರೌಂಡ್‌ಹೌಸ್, ಸಾಲಾಗಿ ನಿಂತ ಉಗಿ ಎಂಜಿನ್ನುಗಳು, 1964ರಲ್ಲಿ ಓಡಿದ ಮೊದಲ ಬುಲೆಟ್ ರೈಲು ಶಿಂಕಾನ್ಸೆನ್‌ನ ಮೂತಿ. ಕ್ಯೋಟೋದ ಆ ಹೆಸರಾಂತ ಚಿನ್ನದ ದೇವಸ್ಥಾನ ನೋಡಲಿಲ್ವಾ ಅಂತ ಈಗಲೂ ನೆಂಟರು ಕೇಳುತ್ತಾರೆ. ಇಲ್ಲ, ನೋಡಲಿಲ್ಲ.

ಹಿರೋಷಿಮಾದ ಶಾಂತಿ ಮ್ಯೂಸಿಯಮ್ಮಿನಿಂದ ಹೊರಬಂದವರು ಅರ್ಧ ಗಂಟೆ ಬೆಂಚಿನ ಮೇಲೆ ಕೂತರು. ಅವತ್ತು ರಾತ್ರಿ ನಾನು ತಪ್ಪು ಗಿಪ್ಪು ಹೇಳಲಿಲ್ಲ. ರೆಕಾರ್ಡಿಂಗ್‌ನಲ್ಲಿ ಹೆಚ್ಚಿನದು ಬರೀ ಏಸಿ ಸದ್ದು. 1945ರ ಆಗಸ್ಟ್ 6ಕ್ಕೆ ಬಾಂಬು ಬಿತ್ತು, 9ಕ್ಕೇ ಒಂದಷ್ಟು ದೂರ ಟ್ರಾಮ್ ಓಡಿಸಿದರು ಅಂತ ಹೇಳಿದ್ದೆ. ಕೊನೆಯಲ್ಲಿ ಅಪ್ಪನ ದನಿ: "ಅವತ್ತು ಟಿಕೆಟ್ ಕೊಟ್ಟಿರ್ತಾರೋ, ಸುಮ್ನೆ ಹತ್ತಿಸ್ಕೊಂಡಿರ್ತಾರೋ?"

ಟೋಕಿಯೋಗೆ ವಾಪಸ್ ಬಂದಮೇಲೆ ಇನ್ನೊಂದು ಹುಚ್ಚು ಪ್ರಯೋಗ ಮಾಡಿದೆ. ಟೋಕಿಯೋದೊಳಗೇ ಸುತ್ತು ಹೊಡೆಯುವ ಯಾಮನೋತೆ ರೈಲು ಲೈನಿನಲ್ಲಿ 30 ಸ್ಟೇಷನ್, ಎಷ್ಟೋ ಕಡೆ ಬಾಗಿಲು ಮುಚ್ಚುವ ಮುಂಚೆ ಪುಟ್ಟ ರಾಗ ಬರುತ್ತಿತ್ತು, ಹಲವು ಕಡೆ ಬೇರೆ ಬೇರೆ. ತಲೆಗೆ 760 ಯೆನ್ನಿನ ದಿನದ ಪಾಸ್ ತಗೊಂಡು ಸುತ್ತಿ ಇಪ್ಪತ್ತು ರಾಗ ಹಿಡಿದೆ. ಮನೆಗೆ ಬಂದು ಕೇಳಿಸಿದರೆ ಅಪ್ಪನಿಗೆ ಒಂದೂ ಗೊತ್ತಾಗಲಿಲ್ಲ. "ಫೋನ್ ಬಂತು, ಎತ್ತೋ" ಅಂದರು.

ಬಂದಮೇಲೆ ಮೊದಲ ಮೂರು ತಿಂಗಳು ಹದಿನೈದು ದಿನಕ್ಕೊಮ್ಮೆ ಸ್ಟ್ಯಾಂಪಿನ ಪುಸ್ತಕ ತೆಗೆಯುತ್ತಿದ್ದೆವು, ಈಗ ತಿಂಗಳಿಗೊಮ್ಮೆ ತೆಗೆಯುತ್ತೇವೆ. ಸಲಕ್ಕೆ ಒಂದೇ ಪುಟ, ಕೈಗೆ ಅಪ್ಪನೇ ತಗೊಳ್ಳಬೇಕು, ಅವರು ಮಾತಾಡಿ ಮುಗಿಸಿದ ಮೇಲೆ ಬೇಕಾದರೆ ಹಳೇ ರೆಕಾರ್ಡಿಂಗ್. ಯಾವ ಪುಟ ಯಾವಾಗ ತೆಗೆಯಬೇಕು ಅನ್ನುವುದಕ್ಕೆ ನನ್ನದೊಂದು ಲೆಕ್ಕ ಇದೆ, ಅದನ್ನು ಇಲ್ಲಿ ಬಿಟ್ಟುಕೊಡಲ್ಲ. ಇಪ್ಪತ್ಮೂರು ಸ್ಟ್ಯಾಂಪಿನಲ್ಲಿ ಹದಿನೇಳರ ಕಥೆಯನ್ನು ಹೆಚ್ಚುಕಮ್ಮಿ ಸರಿಯಾಗಿ ಹೇಳುತ್ತಾರೆ. ಬೆಳಗ್ಗೆ ಮಾತ್ರೆ ತಗೊಂಡಿದ್ದು ಮಾತ್ರ ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ, ಅದಕ್ಕೆ ಸ್ಟ್ಯಾಂಪಿನಿಂದ ಏನೂ ಆಗಿಲ್ಲ.

ಹಿರೋಷಿಮಾ ಸ್ಟೇಷನ್ನಿನ ಸ್ಟ್ಯಾಂಪು ಪುಸ್ತಕದಲ್ಲಿ ತಲೆಕೆಳಗಾಗಿದೆ. ಅದನ್ನು ಹಾಕಿದ್ದು ನಾನು ಅಂತ ಅಪ್ಪ ಅಕ್ಕನ ಮುಂದೆ ನನ್ನನ್ನು ಚೆನ್ನಾಗಿ ಬೈದರು. ಅವರೇ ಹಾಕಿದ್ದು, ಅವತ್ತಿನ ರೆಕಾರ್ಡಿಂಗ್‌ನಲ್ಲಿ ಅವರ ಬಾಯಲ್ಲೇ ಇದೆ. ಆ ಫೈಲನ್ನು ಇನ್ನೂ ಕೇಳಿಸಿಲ್ಲ.