ಹಳೇ ಲೆನ್ಸ್ ಕೊಳ್ಳುವ ಮುಂಚೆ ಒಂದು ಕಳೆಯುವ ಲೆಕ್ಕ

ಕಿರುಚಿತ್ರ ಮಾಡಲು ಹೊರಟ ಹುಡುಗನೊಬ್ಬ ಐದು ಹಳೇ ಕ್ಯಾನನ್ ಎಫ್‌ಡಿ ಲೆನ್ಸ್ ತಂದು ನನ್ನ ಮೇಜಿನ ಮೇಲೆ ಸಾಲಾಗಿ ಜೋಡಿಸಿದ. ಅವನ ಕ್ಯಾಮೆರಾ ಬ್ಲ್ಯಾಕ್‌ಮ್ಯಾಜಿಕ್ ಪಾಕೆಟ್ 6ಕೆ, ಅದಕ್ಕಿರುವುದು ಕ್ಯಾನನ್ ಇಎಫ್ ಮೌಂಟ್ (ಲೆನ್ಸ್ ಕೂರಿಸುವ ಬಾಯಿ). ‘ಎರಡೂ ಕ್ಯಾನನ್ನೇ ಅಲ್ವಾ ಸರ್?’ ಅಂದ. ಹೆಸರು ಒಂದೇ, ಅಳತೆ ಬೇರೆ. 1987ರಲ್ಲಿ ಇಎಫ್ ಬಂದಾಗ ಮೌಂಟ್ ಪೂರ್ತಿ ಬದಲಾಯಿತು. ಐದರಲ್ಲಿ ಒಂದೂ ಕೂರಲಿಲ್ಲ. ಇಂಥ ಪೆಚ್ಚು ಮುಖಗಳನ್ನು ಬಹಳ ನೋಡಿದ್ದೇನೆ.

1. ಅಳತೆ

ಮೌಂಟಿನ ಲೋಹದ ಮುಖದಿಂದ ಸೆನ್ಸರಿನವರೆಗಿನ ದೂರಕ್ಕೆ ಫ್ಲ್ಯಾಂಜ್ ದೂರ ಎನ್ನುತ್ತಾರೆ. ಹಳೇ ಕ್ಯಾಮೆರಾದಲ್ಲಾದರೆ ಅದು ಫಿಲ್ಮಿನವರೆಗಿನ ದೂರ. ಲೆನ್ಸಿನ ಸಂಖ್ಯೆ ಕ್ಯಾಮೆರಾದ್ದಕ್ಕಿಂತ ದೊಡ್ಡದಿರಬೇಕು. ಉಳಿದ ಅಂತರವೇ ಅಡಾಪ್ಟರಿನ, ಅಂದರೆ ಎರಡನ್ನೂ ಜೋಡಿಸುವ ನಡುವಿನ ಬಳೆಯ ದಪ್ಪ.

ಇಎಫ್ 44 ಮಿ.ಮೀ. ನಿಕಾನ್ ಎಫ್ 46.5, ಅಂದರೆ 2.5 ಮಿ.ಮೀ. ಜಾಗ ಸಿಕ್ಕಿತು. ಲೈಕಾ ಆರ್ 47, ಒಲಿಂಪಸ್ ಓಎಂ 46, ತಿರುಪಿನ ಎಂ42 45.46, ಯಾಶಿಕಾ-ಕಾಂಟ್ಯಾಕ್ಸ್ 45.5. ಇವೆಲ್ಲ ಕೂರುತ್ತವೆ. ಮಿನೋಲ್ಟಾ ಎಂಡಿ 43.5, ಕ್ಯಾನನ್ ಎಫ್‌ಡಿ 42. ಇವು ಕೂರುವುದಿಲ್ಲ. ಹಾಗೂ ಹೀಗೂ ಸಿಕ್ಕಿಸಿದರೆ ಮುಖ ಸ್ಪಷ್ಟವಾಗಿ ಕಂಡೀತು, ಹಿಂದಿನ ಬೆಟ್ಟ ಮಾತ್ರ ಎಂದೂ ಸ್ಪಷ್ಟವಾಗದು. ಅದಕ್ಕೆಂದೇ ಒಳಗೆ ಗಾಜು ಇಟ್ಟ ಅಡಾಪ್ಟರ್ ಮಾರುತ್ತಾರೆ. ಅಗ್ಗದವನ್ನು ಮುಟ್ಟಬೇಡಿ. ಒಳ್ಳೇ ಲೆನ್ಸಿನ ಹಿಂದೆ ಬಾಟಲಿ ತಳ ಕಟ್ಟಿದ ಹಾಗೆ.

ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾದ ಮೌಂಟ್ ಇದ್ದವರು ಅದೃಷ್ಟವಂತರು: ಸೋನಿ ಇ 18, ಮೈಕ್ರೋ ಫೋರ್ ಥರ್ಡ್ಸ್ 19.25, ಕ್ಯಾನನ್ ಆರ್‌ಎಫ್ 20. ಹಳೇ ಎಸ್‌ಎಲ್‌ಆರ್ (ಕನ್ನಡಿಯಿದ್ದ ಕ್ಯಾಮೆರಾದ) ಲೆನ್ಸ್ ಯಾವುದನ್ನಾದರೂ ಹಾಕಿ. ಬಾಡಿಗೆಗೆ ತಂದ ಕ್ಯಾಮೆರಾಕ್ಕೆ ಸಿನಿಮಾ ಲೆನ್ಸ್‌ಗಳ ಪಿಎಲ್ ಮೌಂಟ್ ಇದೆಯೇ? ಅದು 52. ಲೆನ್ಸಿನ ಮೌಂಟನ್ನೇ ಕಿತ್ತು ಬದಲಿಸದ ಹೊರತು ಮೇಲಿನ ಯಾವುದೂ ಆಗದು.

ಅಡಾಪ್ಟರ್ ಬಂದ ರಾತ್ರಿಯೇ ತಾರಸಿಗೆ ಹೋಗಿ. ನಿಮ್ಮಲ್ಲಿರುವ ಅತಿ ಅಗಲದ, ಅಂದರೆ ಕಡಿಮೆ ಮಿ.ಮೀ.ನ, ಹೆಚ್ಚು ಅಗಲ ನೋಟದ ಲೆನ್ಸ್ ಹಾಕಿ. ದಪ್ಪದ ತಪ್ಪು ಮೊದಲು ಬಯಲಾಗುವುದು 24, 28 ಮಿ.ಮೀ. ಲೆನ್ಸಿನಲ್ಲೇ, 85ರಲ್ಲಲ್ಲ. ಅಪರ್ಚರ್ (ಬೆಳಕು ಬಿಡುವ ಕಂಡಿ) ಪೂರ್ತಿ ತೆರೆದು, ದೂರದ ಮೊಬೈಲ್ ಟವರಿನ ಕೆಂಪು ದೀಪದ ಕಡೆ ತಿರುಗಿಸಿ, ಪರದೆಯಲ್ಲಿ ಹಿಗ್ಗಿಸಿ ನೋಡಿ. ಫೋಕಸ್ ಉಂಗುರ ದೂರದ ಕೊನೆ ಮುಟ್ಟಿದರೂ ದೀಪ ಉಂಡೆಯಾಗಿಯೇ ಇದ್ದರೆ ಅಡಾಪ್ಟರ್ ದಪ್ಪ. ಮರುದಿನವೇ ವಾಪಸ್ ಮಾಡಿ. ಕೊನೆಗೆ ಮುಂಚೆಯೇ ಸ್ಪಷ್ಟವಾದರೆ ಅಡಾಪ್ಟರ್ ತೆಳು. ಕೆಲಸ ನಡೆಯುತ್ತದೆ, ಲೆನ್ಸಿನ ಮೇಲೆ ಬರೆದ ಅಡಿ-ಮೀಟರ್ ಸುಳ್ಳಾಗುತ್ತದೆ ಅಷ್ಟೆ. ಅಗ್ಗದ ಅಡಾಪ್ಟರ್‌ಗಳು ಬಹುಪಾಲು ಈ ಜಾತಿಯವೇ.

2. ಅಪರ್ಚರ್ ಉಂಗುರ

ಅಪರ್ಚರನ್ನು ಕೈಯಲ್ಲೇ ತಿರುಗಿಸಬೇಕು, ಹಾಗಾಗಿ ಉಂಗುರ ಇಲ್ಲದ ಲೆನ್ಸ್ ಬೇಡ. ನಿಕಾನಿನಲ್ಲಿ ‘ಜಿ’ ಅಂತಿದ್ದರೆ ಉಂಗುರ ಇಲ್ಲ. ಎಂ42 ಲೆನ್ಸಿನ ಹಿಂದೆ ಪುಟ್ಟ ಪಿನ್ ಇದ್ದರೆ ಅದನ್ನು ಒತ್ತಿಹಿಡಿಯುವ ಅಂಚಿರುವ ಅಡಾಪ್ಟರನ್ನೇ ಕೇಳಿ. ಇಲ್ಲವಾದರೆ ಕೆಲವು ಲೆನ್ಸ್‌ಗಳ ಅಪರ್ಚರ್ ಬ್ಲೇಡುಗಳು ತೆರೆದೇ ಇರುತ್ತವೆ. ಹಳೇ ಸೋವಿಯತ್ ಲೆನ್ಸ್ ಹೀಲಿಯೋಸ್ 44-2ಕ್ಕೆ ಈ ತಾಪತ್ರಯವಿಲ್ಲ. ಅದರ ಎರಡನೇ ಅಪರ್ಚರ್ ಉಂಗುರ ‘ಟಿಕ್ ಟಿಕ್’ ಎನ್ನದೆ ಬೆಣ್ಣೆಯಂತೆ ತಿರುಗುತ್ತದೆ, ಶಾಟ್ ನಡುವೆಯೂ ಬೆಳಕು ಹೊಂದಿಸಬಹುದು. ಬೇರೆ ಲೆನ್ಸಿನ ಟಿಕ್ ತೆಗೆಸಬೇಕೆಂದರೆ ರಿಪೇರಿಯವರ ಹತ್ತಿರ ಹೋಗಿ. ಯೂಟ್ಯೂಬ್ ನೋಡಿ ಮನೆಯಲ್ಲಿ ಬಿಚ್ಚಿದವರು ಟಿಕ್ ಎನಿಸುವ ಪುಟ್ಟ ಉಕ್ಕಿನ ಗೋಲಿಗಾಗಿ ಮಂಚದ ಕೆಳಗೆ ಹುಡುಕುತ್ತಾರೆ.

3. ಚಿತ್ರದ ವೃತ್ತ

ಲೆನ್ಸ್ ಮೂಡಿಸುವ ಚಿತ್ರ ದುಂಡಗಿರುತ್ತದೆ, ಅದು ಸೆನ್ಸರನ್ನು ಪೂರ್ತಿ ಮುಚ್ಚಬೇಕು. 35 ಮಿ.ಮೀ. ಫಿಲ್ಮಿನ ಸ್ಟಿಲ್ ಕ್ಯಾಮೆರಾದ ಲೆನ್ಸ್ ಸೂಪರ್ 35 (ಈ 6ಕೆಯಲ್ಲಿರುವ ಅಳತೆಯ) ಸೆನ್ಸರನ್ನು ಆರಾಮಾಗಿ ತುಂಬುತ್ತದೆ. ಹಳೇ 16 ಮಿ.ಮೀ. ಕ್ಯಾಮೆರಾದ ಲೆನ್ಸ್ ತುಂಬುವುದಿಲ್ಲ.

4. ಗಾಜು

ಮುಚ್ಚಿದ ಸ್ಟುಡಿಯೋಗಳ ಬೀರುವಿನಲ್ಲಿ ಪೆಂಟ್ಯಾಕ್ಸ್, ಯಾಶಿಕಾ ಈಗಲೂ ಸಿಗುತ್ತವೆ. ಅಪರ್ಚರ್ ತೆರೆದು ಹಿಂದಿನಿಂದ ಟಾರ್ಚ್ ಬಿಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು. ಮಂಗಳೂರು, ಉಡುಪಿಯ ಮಳೆಗಾಲ ಕಂಡ ಲೆನ್ಸಾದರೆ ಎರಡು ಸಲ ನೋಡಿ. ಧೂಳಿನ ನಾಲ್ಕು ಕಣಕ್ಕೆ ಹೆದರಬೇಡಿ, ಚಿತ್ರದಲ್ಲಿ ಕಾಣುವುದಿಲ್ಲ. ಬಿಳಿ ಕಾಗದದ ಮೇಲಿಟ್ಟಾಗ ಗಾಜು ಚಹಾ ಬಣ್ಣ ಕಂಡರೆ ಥೋರಿಯಂ ಬೆರೆತ ಗಾಜಿರಬಹುದು. ಪೆಂಟ್ಯಾಕ್ಸಿನ ಸೂಪರ್ ತಾಕುಮಾರ್ 50 ಎಫ್ 1.4ರಲ್ಲಿ ಇದು ಮಾಮೂಲು. ಯುವಿ ದೀಪದಡಿ ಕೆಲವು ದಿನ ಇಟ್ಟರೆ ಹಳದಿ ಇಳಿಯುತ್ತದೆ.

5. ಸೆಟ್

ಸಿಕ್ಕಿದ್ದನ್ನೆಲ್ಲ ಗುಡ್ಡೆ ಹಾಕಬೇಡಿ. ಒಂದೇ ಕಂಪನಿಯ ಮೂರು ಸಾಕು, ಇಲ್ಲವಾದರೆ ಪ್ರತಿ ಕಟ್‌ಗೂ ಮುಖದ ಬಣ್ಣ ಬದಲಾಗುತ್ತದೆ. 6ಕೆಯಲ್ಲಿ 50 ಲೆನ್ಸ್ ಫುಲ್ ಫ್ರೇಮಿನ (35 ಮಿ.ಮೀ. ಸ್ಟಿಲ್ ಫಿಲ್ಮಿನಷ್ಟು ದೊಡ್ಡ ಸೆನ್ಸರಿನ) 78ರ ನೋಟ ಕೊಡುತ್ತದೆ, 28 ಸುಮಾರು 44ರದ್ದು. ಹಾಗಾಗಿ ಮೊದಲ ದುಡ್ಡು ಅಗಲದ ಲೆನ್ಸಿಗೆ. ನನ್ನನ್ನು ಕೇಳಿದರೆ ನಿಕಾನ್ ಎಐ-ಎಸ್ 24 ಎಫ್ 2.8, 50 ಎಫ್ 1.4, 105 ಎಫ್ 2.5. ಮೂರಕ್ಕೂ ಮುಂದಿನ ತಿರುಪು 52 ಮಿ.ಮೀ., ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಒಂದೇ ಸಾಕು. ಹೀಲಿಯೋಸಿನ ಸುಳಿಸುಳಿ ಹಿನ್ನೆಲೆಗೆ ಮರುಳಾದವರು ಅದನ್ನು ಕನಸಿನ ದೃಶ್ಯಕ್ಕೆ ಇಟ್ಟುಕೊಳ್ಳಲಿ.

ನಿಕಾನಿನ ಫೋಕಸ್ ಉಂಗುರ ಸಿನಿಮಾ ಲೆನ್ಸ್‌ಗಳಿಗೆ ಉಲ್ಟಾ ತಿರುಗುತ್ತದೆ. ಫೋಕಸ್ ಎಳೆಯುವವನಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ನಾಯಕಿ ಕಣ್ಣೀರಿಡುವಾಗ ಹಿಂದಿನ ಗೋಡೆಯ ಕ್ಯಾಲೆಂಡರ್ ಸ್ಪಷ್ಟವಾಗಿ ಕಾಣುತ್ತದೆ.