ಹತ್ತೊಂಬತ್ತು ಹುಣಸೆ ಬೀಜ: ಗ್ಯಾರಂಟಿ, ಪಟ್ಟಿ, ಪಗಾರದ ಬಗ್ಗೆ ಜನರನ್ನು ಕೇಳಿದ ನನ್ನ ಅನುಭವ

"ಹುಣಸೆ ಬೀಜ ಹಿಡ್ಕೊಂಡು ಸರ್ವೆಗೆ ಹೋಗ್ತೀರಾ? ಚೌಕಾಬಾರ ಆಡೋಕಾ?" ಧಾರವಾಡದ ಒಂದು ಸಭೆಯಲ್ಲಿ ಹಿರಿಯರೊಬ್ಬರು ಹೀಗೆ ಕೇಳಿದಾಗ ಎಲ್ಲರೂ ನಕ್ಕರು. ನಾನೂ ನಕ್ಕೆ. ಈಗ ಅದೇ ಹಿರಿಯರು ತಮ್ಮ ವಿದ್ಯಾರ್ಥಿಗಳನ್ನು ನನ್ನ ಹತ್ತಿರ ಕಳಿಸಿ, "ಆ ಬೀಜದ ಫಾರ್ಮ್ ಒಂದು ಇಸ್ಕೊಂಡು ಬನ್ನಿ" ಅನ್ನುತ್ತಾರೆ. ಅದಕ್ಕೇ ಬರೆದಿಡೋಣ ಅನಿಸಿತು. ಲೆಕ್ಕವೆಲ್ಲ ನೆನಪಿನದು, ಹೆಚ್ಚುಕಮ್ಮಿ ಇದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

2024ರ ಜನವರಿ. ರಾಜ್ಯ ಸರ್ಕಾರದ ಗ್ಯಾರಂಟಿ ಯೋಜನೆಗಳ ಬಗ್ಗೆ ಜನ ಏನಂತಾರೆ, ತೆರಿಗೆ ಯಾರು ಕಟ್ಟಬೇಕು ಅಂತಾರೆ, ದುಡಿಯದವನಿಗೂ ಕೊಡಬೇಕು ಅಂತಾರಾ, ಇವಿಷ್ಟು ನನಗೆ ಬೇಕಿತ್ತು. ಶಿಗ್ಗಾವಿ ಕಡೆಯ ಒಂದು ಹಳ್ಳಿಯಲ್ಲಿ ಪೈಲಟ್, ಅಂದರೆ ಪರೀಕ್ಷೆಗೊಂದು ಸಣ್ಣ ಸರ್ವೆ, ಮಾಡಿದೆವು. ನಿಮಗೆ ಗೊತ್ತಿರೋದೇ, "ಪೂರ್ತಿ ಒಪ್ಪುತ್ತೇನೆ"ಯಿಂದ "ಪೂರ್ತಿ ಒಪ್ಪುವುದಿಲ್ಲ"ದವರೆಗೆ ಉತ್ತರಕ್ಕೆ ಐದು ಮೆಟ್ಟಿಲು. 48 ಫಾರ್ಮ್ ತುಂಬಿಕೊಂಡು ಬಂದು ರಾತ್ರಿ ಕೂತು ನೋಡಿದರೆ ತಲೆ ಕೆಟ್ಟಿತು. "ಪುಕ್ಕಟೆ ಕೊಟ್ಟರೆ ಜನ ಸೋಮಾರಿ ಆಗುತ್ತಾರೆ" ಅನ್ನೋದಕ್ಕೆ ಒಪ್ಪುತ್ತೇನೆ. ಹತ್ತು ಪ್ರಶ್ನೆ ಬಿಟ್ಟು "ಸಹಾಯ ಸಿಕ್ಕರೆ ಜನ ಇನ್ನೂ ಹುರುಪಿನಿಂದ ದುಡಿಯುತ್ತಾರೆ" ಅನ್ನೋದಕ್ಕೂ ಅದೇ ಮನುಷ್ಯನದು ಒಪ್ಪುತ್ತೇನೆ! ಮೂವತ್ತಕ್ಕೂ ಜಾಸ್ತಿ ಫಾರ್ಮಿನ ಕತೆ ಇದೇ. ಅವರ ತಪ್ಪಲ್ಲ. ಮನೆಗೆ ಬಂದವರು ಏನೋ ಹೇಳಿದರೆ "ಹೌದ್ರಿ, ಬರ್ಕೋರಿ" ಅನ್ನೋದು ನಮ್ಮ ಕಡೆಯ ಮರ್ಯಾದೆ.

ಇನ್ನೊಂದು ತಪ್ಪು ನನ್ನದೇ. ಟ್ಯಾಬ್‌ನಲ್ಲಿ ಮನೆಯ ಫೋಟೋ ತೆಗೆಯೋಣ ಅಂದಿದ್ದೆ. ಎರಡನೇ ದಿನ ಬೆಳಿಗ್ಗೆಯೇ ಊರಲ್ಲಿ ಸುದ್ದಿ, "ರೇಷನ್ ಕಾರ್ಡ್ ಕಟ್ ಮಾಡಾಕ ಬಂದಾರ." ಒಂದು ಓಣಿಗೆ ಓಣಿಯೇ ಬಾಗಿಲು ಹಾಕಿತು. ಒಟ್ಟು ಬಜೆಟ್ ಸುಮಾರು 1.8 ಲಕ್ಷ. ಅದರಲ್ಲಿ 22 ಸಾವಿರ ಈ ಪೈಲಟ್‌ನಲ್ಲೇ ಹೋಯಿತು.

ಅದಕ್ಕೇ ದಾರಿ ಬದಲಿಸಿದೆ, ಬೀಜ ಜನರ ಕೈಗೇ ಕೊಟ್ಟು ಹಂಚಿಸಿದೆ. ಬೀಜದ ಹಂಚಿಕೆ ಹೊಸದೇನಲ್ಲ. ಹಳ್ಳಿ ಸಹಭಾಗಿತ್ವದ ಕೆಲಸ ಮಾಡಿದವರೆಲ್ಲ ಬೀಜ, ಕಲ್ಲು ಇಟ್ಟು ಕೇಳಿದವರೇ. ನಾನು ಮಾಡಿದ್ದಿಷ್ಟೇ: ಅಭಿಪ್ರಾಯ ಕೇಳೋದು ಬಿಟ್ಟೆ, ಒಬ್ಬ ಮನುಷ್ಯನನ್ನು ಮುಂದೆ ನಿಲ್ಲಿಸಿ "ಇವರಿಗೆ ಎಷ್ಟು ಕೊಡ್ತೀರಿ" ಅಂತ ಕೇಳಿದೆ. ನಾಲ್ಕು ಸ್ಟೀಲ್ ಬಟ್ಟಲು, ಬಟ್ಟಲಿಗೊಂದರಂತೆ ನಾಲ್ಕು ಸಣ್ಣ ಕತೆ, ಯಾರಿಗೆ ಎಷ್ಟು ಅನ್ನೋದನ್ನು ಬೀಜ ಹಾಕಿ ತೋರಿಸಬೇಕು. ಒಂದು, ಗಂಡ ತೀರಿಹೋದ ಹೆಂಗಸು, ಮೆಣಸಿನಕಾಯಿ ತೊಟ್ಟು ಬಿಡಿಸಿ ಬದುಕುವವಳು. ಎರಡು, ಐಟಿಐ ಮುಗಿಸಿದ ಹುಡುಗ. ಮೂರು, ಕುಡಿಯುವ ಗೌಂಡಿ, ಅಂದರೆ ಗಾರೆ ಕೆಲಸದವನು. ನಾಲ್ಕು, ಟ್ರ್ಯಾಕ್ಟರ್ ಇದ್ದೂ ಬಿಪಿಎಲ್ ಕಾರ್ಡ್ ಇಟ್ಟುಕೊಂಡ ಸಾಹುಕಾರ. ಒಂದೊಂದು ಕತೆಯಲ್ಲೂ ಒಂದೇ ಮಾತು ಬದಲಿಸಿ ಎರಡು ಕಾರ್ಡ್. ಯಾರಿಗೆ ಯಾವ ಕಾರ್ಡ್ ಅನ್ನೋದಕ್ಕೆ ಟ್ಯಾಬ್‌ನಲ್ಲಿದ್ದ ಕೋಬೋ ಅನ್ನೋ ಸರ್ವೆ ಆ್ಯಪ್ಪೇ ಚೀಟಿ ಎತ್ತುತ್ತಿತ್ತು.

ಮೊದಲು ಶೇಂಗಾ ಕಾಳು ಒಯ್ದಿದ್ದೆ. ಮೂರನೇ ಮನೆಯಲ್ಲಿ ಅಜ್ಜಿ ಹಂಚಿ ಮುಗಿಸೋ ಮುಂಚೆಯೇ ಮೊಮ್ಮಗ ಸಾಹುಕಾರನ ಪಾಲು ತಿಂದುಬಿಟ್ಟ. ಒಂದು ರೂಪಾಯಿ ನಾಣ್ಯ ಇಟ್ಟು ನೋಡಿದೆ, ಜನ ಮೈ ಬಿಗಿ ಹಿಡಿದರು. ಕೊನೆಗೆ ಹುಣಸೆ ಬೀಜ. ಪುಕ್ಕಟೆ, ಹುರಿಯದೆ ತಿನ್ನೋಕಾಗಲ್ಲ, ಹೆಂಗಸರ ಕೈಗೆ ಪಳಗಿದ್ದು.

ಇಪ್ಪತ್ತು ಬೀಜ ಕೊಟ್ಟಾಗ ಅರ್ಧಕ್ಕರ್ಧ ಮಂದಿ ಐದೈದು ಹಾಕಿ ಎದ್ದು ಹೋದರು. ಒಂದು ವಾರ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು, ಒಂದು ಬೀಜ ತೆಗೆದುಬಿಟ್ಟರೆ? ಹತ್ತೊಂಬತ್ತು. ಈಗ ಎಲ್ಲರಿಗೂ ಸಮ ಹಂಚಬೇಕು ಅನ್ನುವವರೂ ಒಬ್ಬರಿಗಾದರೂ ನಾಲ್ಕೇ ಹಾಕಬೇಕು. ಆ ಒಬ್ಬ ಯಾರು ಅನ್ನೋದೇ ನನಗೆ ಬೇಕಾದ ಉತ್ತರ. ಈ ಒಂದು ಬೀಜದ ವಿಷಯದಲ್ಲಿ ನಾನು ಸ್ವಲ್ಪ ಜಂಬ ಪಟ್ಟರೆ ತಪ್ಪಿಲ್ಲ ಅಲ್ವಾ.

ಬ್ಯಾಡಗಿಯ ಒಬ್ಬ ಅಕ್ಕ ಕಣ್ಣಿಗೆ ಕಟ್ಟಿದ ಹಾಗಿದ್ದಾರೆ. ತೊಟ್ಟು ಬಿಡಿಸುತ್ತಿದ್ದ ರಾಶಿಯ ಪಕ್ಕದಲ್ಲೇ ಕೂತರು. ಕೈಯೆಲ್ಲ ಕೆಂಪು, ಬೀಜಗಳೂ ಕೆಂಪಾದವು. ಉರಿಗೆ ಹೆದರಿ ಹಣೆಯ ಬೆವರನ್ನು ಮೊಣಕೈಯಿಂದ ಒರೆಸಿಕೊಳ್ಳುತ್ತಿದ್ದರು. ಹದಿನೆಂಟು ಬೀಜ ಪಟಪಟ ಹಾಕಿದರು. ಗೌಂಡಿಯ ಬಟ್ಟಲು ಮಾತ್ರ ಖಾಲಿ. ಹತ್ತೊಂಬತ್ತನೆಯದನ್ನು ಬೆರಳಲ್ಲಿ ಹೊರಳಿಸುತ್ತಾ, "ಇಂವ ಕುಡಿತಾನಂತ ಇವನ ಮಕ್ಕಳು ಉಪವಾಸ ಬೀಳಬೇಕೇನ್ರಿ?" ಅಂದರು. ಅದನ್ನು ಹಾಕಿದರು. ಆಮೇಲೆ ಸಾಹುಕಾರನ ಬಟ್ಟಲಲ್ಲಿದ್ದ ಎರಡನ್ನೂ ಎತ್ತಿ ಗೌಂಡಿಗೇ ಹಾಕಿದರು. ನಮ್ಮ ಸರ್ವೆಯ ಹುಡುಗಿ ಫಾರ್ಮಿನಲ್ಲಿ ಮೂರು ಅಂತ ಬರೆದಿದ್ದಾಳೆ. ಆ ಬೆರಳು ಹೊರಳಿಸಿದ್ದಕ್ಕೆ ಫಾರ್ಮಿನಲ್ಲಿ ಜಾಗವೇ ಇರಲಿಲ್ಲ. ಮುಂದಿನ ವಾರದಿಂದ "ಬೀಜ ಬದಲಿಸಿದರೇ?" ಅನ್ನೋ ಕಾಲಂ ಸೇರಿಸಿದೆ.

ಒಟ್ಟು 320ರ ಆಸುಪಾಸು ಮನೆ: ಬ್ಯಾಡಗಿ, ಮುಂಡರಗಿ ಕಡೆ ಎರಡು ಹಳ್ಳಿ, ಹಳೇ ಹುಬ್ಬಳ್ಳಿ. ಗೌಂಡಿಗೆ ಸಾಮಾನ್ಯವಾಗಿ ಒಂದೋ ಎರಡೋ ಬೀಜ. ಆದರೆ "ದುಡ್ಡು ಅವನ ಹೆಂಡತಿ ಖಾತೆಗೆ ಹೋಗುತ್ತೆ" ಅನ್ನೋ ಕಾರ್ಡ್ ಸಿಕ್ಕವರು ನಾಲ್ಕು, ಐದು ಹಾಕಿದರು. ಗೃಹಲಕ್ಷ್ಮಿಯ 2000 ರೂಪಾಯಿ ಮನೆಯ ಯಜಮಾನಿ ಹೆಸರಿಗೇ ಬರೋದನ್ನು ಜನ ಯಾಕೆ ಮೆಚ್ಚಿಕೊಂಡರು ಅನ್ನೋದು ಆ ಬಟ್ಟಲು ನೋಡಿದಾಗ ನನಗೆ ತಿಳಿಯಿತು. ಹುಡುಗ "ಕಟ್ಟೆ ಮೇಲೆ ಮೊಬೈಲ್ ಹಿಡಿದು ಕೂತಿರುತ್ತಾನೆ" ಅಂದಾಗ ಒಂದು. "ತಾರಿಹಾಳದ ಫ್ಯಾಕ್ಟರಿಗಳಿಗೆ ಮೂರು ಸಲ ಹೋಗಿ ಬಂದ" ಅಂದಾಗ ನಾಲ್ಕು. ಡಚ್ ಸಮಾಜಶಾಸ್ತ್ರಜ್ಞ ವಿಮ್ ವಾನ್ ಓರ್ಸ್ಖಾಟ್ 2000ರಲ್ಲಿ ಬರೆದದ್ದೂ ಇದನ್ನೇ: ಅವನ ಕಷ್ಟಕ್ಕೆ ಅವನೇ ಕಾರಣನಾ, ನಡತೆ ಹೇಗಿದೆ, ತಿರುಗಿ ಏನಾದರೂ ಕೊಟ್ಟಿದ್ದಾನಾ, ನಮ್ಮವನಾ, ಕಷ್ಟ ಎಷ್ಟು. ನೆದರ್‌ಲ್ಯಾಂಡ್ಸಿನ ಅಳತೆಗೋಲು ಮುಂಡರಗಿಯಲ್ಲೂ ನಡೆಯಿತು.

ಇದೇ ಜನರನ್ನು ಕೊನೆಯಲ್ಲಿ ಸುಮ್ನೆ ಬಾಯಿಮಾತಲ್ಲಿ ಕೇಳಿದರೆ "ಬಿಟ್ಟಿ ಕೊಟ್ಟು ಮಂದಿ ಹಾಳಾಗ್ಯಾರ" ಅಂತಲೇ ಹೇಳಿದರು. ಆ "ಮಂದಿ" ಯಾವತ್ತೂ ಪಕ್ಕದ ಓಣಿಯವರು.

ಖರ್ಚಿನ ವಿಷಯಕ್ಕೆ ಬರುತ್ತೇನೆ. ಸರ್ವೆಗೆ ನಾಲ್ಕು ಹುಡುಗಿಯರು, ದಿನಕ್ಕೆ 600 ರೂಪಾಯಿ. ಅವರು ಓಡಾಡಿದ್ದು ಸರ್ಕಾರಿ ಬಸ್ಸಿನಲ್ಲಿ. 2023ರ ಜೂನ್ 11ರಿಂದ ಹೆಂಗಸರಿಗೆ ಫ್ರೀ ಬಸ್ಸಿನ ಶಕ್ತಿ ಯೋಜನೆ ಇದೆಯಲ್ಲ, ಹಾಗಾಗಿ ಎಲ್ಲ ಶೂನ್ಯ ಟಿಕೆಟ್. ಸುಮಾರು 9 ಸಾವಿರ ಉಳಿಯಿತು. ಆದರೆ ಲೆಕ್ಕ ನೋಡುವವರು "ಪ್ರಯಾಣದ ಟಿಕೆಟ್ ಎಲ್ಲಿ?" ಅಂದರು. ಸೊನ್ನೆ ರೂಪಾಯಿಯ ಟಿಕೆಟ್‌ಗಳ ಕಟ್ಟು ಕೊಟ್ಟೆ. ವೋಚರ್ ಇಲ್ಲ ಅಂತ ಎರಡು ತಿಂಗಳು ಕೊನೆಯ ಕಂತು ತಡೆದಿದ್ದರು! ಮುಂಡರಗಿ ಕಡೆ ಒಬ್ಬ ಯಜಮಾನರು ಹುಡುಗಿಗೇ ತಿರುಗಿ ಕೇಳಿದರು, "ನೀ ಹೆಂಗ ಬಂದೆವಾ? ಫ್ರೀ ಬಸ್ಸಿನ್ಯಾಗೋ?" ಅವಳು ಹೌದು ಅಂದಳು. ಆಮೇಲೆ ಅರ್ಧ ಗಂಟೆ ಮನಬಿಚ್ಚಿ ಮಾತಾಡಿದರು.

ದೊಡ್ಡ ಹೊಡೆತ ಮಾರ್ಚ್‌ನಲ್ಲಿ. 11ಕ್ಕೆ ಮೆಣಸಿನಕಾಯಿ ದರ ಬಿದ್ದು ಬ್ಯಾಡಗಿ ಮಾರುಕಟ್ಟೆಯಲ್ಲಿ ಗಲಾಟೆ. 16ಕ್ಕೆ ಲೋಕಸಭೆ ಚುನಾವಣೆಯ ನೀತಿ ಸಂಹಿತೆ. ಗ್ಯಾರಂಟಿ ಅನ್ನೋ ಶಬ್ದ ಬಾಯಿಗೆ ಬಂದರೆ ಸಾಕು, "ಯಾವ ಪಾರ್ಟಿ?" ಅಂತ ಕೇಳೋರು. ನಿಲ್ಲಿಸಿದೆ. ಟಂಟಂ ಆಟೋಗೆ ಕೊಟ್ಟ ಅಡ್ವಾನ್ಸ್ 4 ಸಾವಿರ ಹೋಯಿತು. ಜೂನ್‌ನಲ್ಲಿ ಮತ್ತೆ ಹೊರಟರೆ ಬಿತ್ತನೆ ಶುರು, ಹಗಲು ಮನೆಯಲ್ಲಿ ಯಾರೂ ಇಲ್ಲ. ಸಂಜೆ ಆರರಿಂದ ಎಂಟು, ಅಷ್ಟೇ ನಮ್ಮ ಸಮಯ.

ತೆರಿಗೆಯ ಪ್ರಶ್ನೆಯಂತೂ ಮೊದಲು ಪೂರ್ತಿ ನೆಲಕಚ್ಚಿತ್ತು. "ನೀವು ತೆರಿಗೆ ಕಟ್ಟುತ್ತೀರಾ?" ಅಂದರೆ "ನಾವೆಲ್ಲಿ ಕಟ್ಟೋಣ್ರಿ, ಅದು ಶ್ರೀಮಂತರದು." 10 ರೂಪಾಯಿಯ ಬಿಸ್ಕಿಟ್ ಪಾಕೀಟು ಮುಂದಿಟ್ಟು, ಆಗ ಶೇ 18 ಜಿಎಸ್‌ಟಿ ಇತ್ತು, ಇದರಲ್ಲಿ ಒಂದೂವರೆ ರೂಪಾಯಿ ತೆರಿಗೆ ಅಂದಾಗ ಕೆಲವರು ಪಾಕೀಟನ್ನೇ ತಿರುಗಿಸಿ ತಿರುಗಿಸಿ ನೋಡಿದರು. ಆದರೂ ಮಾತು ಮುಂದೆ ಹೋಗಲಿಲ್ಲ. ಬಾಯಿ ಬಿಡಿಸಿದ್ದು ಜಾತ್ರೆ ಪಟ್ಟಿ, ಅಂದರೆ ಜಾತ್ರೆಗೆ ಊರವರಿಂದ ಎತ್ತುವ ವಂತಿಗೆ. ತೇರಿಗೆ ಪಟ್ಟಿ ಹೇಗೆ ಹಾಕಬೇಕು, ಮನೆಗಿಷ್ಟು ಅಂತಲೋ, ಹೊಲ ನೋಡಿಯೋ? ಈ ಪ್ರಶ್ನೆ ಬಿದ್ದದ್ದೇ ತಡ, ಕಟ್ಟೆಗೆ ಕಟ್ಟೆಯೇ ಎದ್ದು ಕೂತಿತು. ಹೆಚ್ಚಿನವರದು ಹೊಲ ನೋಡಿ. "ಆದ್ರ ಲೆಕ್ಕ ಗುಡಿ ಮುಂದ ಓದಬೇಕು" ಅನ್ನೋ ಷರತ್ತು ಬೇರೆ. ಸರ್ಕಾರದ ತೆರಿಗೆಗೂ ಇದೇ ನ್ಯಾಯವಾ ಅಂದಾಗ ಒಬ್ಬರು, "ಅವ್ರು ಎಲ್ಲಿ ಓದ್ತಾರ್ರೀ?" ಅಂದರು.

ನಡುವೆ ಎರಡು ಅಡ್ಡ ಪ್ರಯೋಗ. ಒಂದು, ಲಿಸ್ಟ್ ಪ್ರಯೋಗ (ಜಾತ್ರೆ ಪಟ್ಟಿಯಲ್ಲ, ವಾಕ್ಯಗಳ ಪಟ್ಟಿ). ಅದು ಕೆಟ್ಟಿತು. ಐದು ವಾಕ್ಯದಲ್ಲಿ ಎಷ್ಟು ನಿಜ ಅಂತ ಸಂಖ್ಯೆ ಮಾತ್ರ ಹೇಳಿ ಅಂದರೆ, "ಒಂದನೇದು ಹೌದು, ಎರಡನೇದು ಸುಳ್ಳು" ಅಂತ ಎಲ್ಲಾನೂ ಬಿಡಿಸಿ ಹೇಳಿದರು. ಗುಟ್ಟು ಕಾಪಾಡೋ ವಿಧಾನ ಹದಿನೈದು ಮನೆಯಲ್ಲೇ ಸತ್ತಿತು. ಇನ್ನೊಂದು, ಶಬ್ದದ ಪ್ರಯೋಗ. ಅಮೆರಿಕದ ಜನರಲ್ ಸೋಷಿಯಲ್ ಸರ್ವೆಯಲ್ಲಿ 1980ರ ದಶಕದಿಂದ ಅರ್ಧ ಜನರಿಗೆ "ವೆಲ್‌ಫೇರ್", ಇನ್ನರ್ಧಕ್ಕೆ "ಬಡವರಿಗೆ ನೆರವು" ಅಂತ ಕೇಳುತ್ತಾರೆ, ಎರಡನೆಯದಕ್ಕೇ ಯಾವಾಗಲೂ ಬೆಂಬಲ ಜಾಸ್ತಿ. ಹಳೇ ಹುಬ್ಬಳ್ಳಿಯಲ್ಲಿ ಅರವತ್ತು ಜನರಿಗೆ "ಬಿಟ್ಟಿ", "ನೆರವು" ಅಂತ ಮಾಡಿ ನೋಡಿದೆ. ನಮ್ಮಲ್ಲೂ ಹಾಗೇ. ಆದರೆ ಹೆಂಗಸರು ನನ್ನ ಎರಡೂ ಶಬ್ದ ಪಕ್ಕಕ್ಕಿಟ್ಟರು. ಅವರಿಗೆ ಅದು "ಪಗಾರ". ವಿಧವೆಯರ ಪಿಂಚಣಿ ಪಗಾರ, ಮುದುಕರದ್ದು ಪಗಾರ, ಗೃಹಲಕ್ಷ್ಮಿಯೂ ಪಗಾರ. "ಇಷ್ಟು ವರ್ಷ ಮನಿ ಕೆಲಸ ಮಾಡೇನಿ, ಈಗ ಬಂತು ನೋಡ್ರಿ" ಅಂತ ಒಬ್ಬರು ನಕ್ಕರು. ದುಡಿಮೆ ಒಂದು ಭಾಗ, ಸಹಾಯ ಇನ್ನೊಂದು ಭಾಗ ಅಂತ ನಾನು ಫಾರ್ಮ್ ಹರಿದಿಟ್ಟಿದ್ದೆ. ಅವರು ಒಂದೇ ಶಬ್ದದಲ್ಲಿ ಹೊಲಿದುಬಿಟ್ಟರು.

ಎರಡು ವಿಷಯ ಇಲ್ಲಿ ಹೇಳಲ್ಲ. ಸೊಸೆಯನ್ನು ಕೇಳುವಾಗ ಅತ್ತೆಯನ್ನು ಬೇಸರವಾಗದ ಹಾಗೆ ಹೇಗೆ ಏಳಿಸೋದು ಅನ್ನೋದು ಒಂದು. ನಾಲ್ಕು ಬಟ್ಟಲನ್ನು ಯಾವ ಕ್ರಮದಲ್ಲಿ ಇಡೋದು ಅನ್ನೋದು ಇನ್ನೊಂದು. ಎರಡನೆಯದಕ್ಕೆ ನನ್ನ ಮೂರು ವಾರ ಹೋಗಿದೆ. ನಮ್ಮ ಜೊತೆ ಫೀಲ್ಡಿಗೆ ಬಂದವರಿಗೆ ತಾನಾಗೇ ಗೊತ್ತಾಗುತ್ತದೆ.

ಮುಂದಿನದು ನರಗುಂದ ಕಡೆ. ಬಿಸ್ಕಿಟ್ ಕಾರ್ಡ್ ಹೊಸದಾಗಿ ಬರೆಯಬೇಕು, 2025ರ ಸೆಪ್ಟೆಂಬರ್ 22ರಿಂದ ಅದರ ಜಿಎಸ್‌ಟಿ ಶೇ 5ಕ್ಕೆ ಇಳಿದಿದೆ. ಹತ್ತು ರೂಪಾಯಿಗೆ ಐವತ್ತು ಪೈಸೆಯೂ ಆಗಲ್ಲ. ಬೀಜವೂ ಹೊಸದು ಬೇಕು, ಹಳೆಯದಕ್ಕೆ ಹುಳ ಬಿದ್ದಿದೆ.